ತೆನಿ ಅಂದರೆ ಯಾವ ತೆನಿ?

ಇಲಕಲ್ ಸೀರೆಯ ಸೆರಗನ್ನು ಕಾಣದ ಕಣ್ಣು ನಮ್ಮ ಸೀಮೆಯಲ್ಲಿಲ್ಲ. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ಹುನಗುಂದದ ಸಂತೆಯಲ್ಲಿ, ಕೂಲಿಗೆ ಹೊರಟ ಹೆಂಗಸರು ತುಂಬಿದ ಟ್ರ್ಯಾಕ್ಟರಿನಲ್ಲಿ, ಎಲ್ಲ ಕಡೆ ಅದೇ ಸೆರಗು. ಅಚ್ಚ ಕೆಂಪಿನ ಮೂರು ಪಟ್ಟಿ, ಅವುಗಳ ನಡುವೆ ಬಿಳಿಯ ಎರಡು ಪಟ್ಟಿ. ಕೆಂಪೂ ಬಿಳಿಯೂ ಕೂಡುವ ಕಡೆ ಹಲ್ಲು ಹಲ್ಲಾಗಿ ಒಂದರೊಳಗೊಂದು ಹೊಕ್ಕ ಆಕಾರಗಳು. ಇದಕ್ಕೆ ಟೋಪ ತೆನಿ ಸೆರಗು ಅಂತಾರೆ, ಕೆಲವರ ಬಾಯಲ್ಲಿ ಅದು ತೋಪು ತೆನಿ. ಆ ಆಕಾರಗಳಿಗೂ ಹೆಸರಿವೆ: ಹಣಿಗಿ, ಕೋಟಿ, ತೆನಿ, ರಂಪ. ಹಣಿಗಿ ಎಂದರೆ ತಲೆ ಬಾಚುವ ಹಣಿಗೆ, ಕೋಟಿ ಎಂದರೆ ಕೋಟೆ, ತೆನಿ ಎಂದರೆ ಜೋಳದ ತೆನೆ, ರಂಪ ಎಂದರೆ ಗುಡ್ಡಗಳ ಸಾಲು. ಸೀರೆಯ ಬಗ್ಗೆ ಬರೆದವರು ಹೀಗೆ ಅರ್ಥ ಕೊಟ್ಟಿದ್ದಾರೆ.

ಆದರೆ ಸೆರಗನ್ನು ಹತ್ತಿರ ಹಿಡಿದು ನೋಡಿರಿ. ಅಲ್ಲಿ ಜೋಳದ ಕಾಳಿಲ್ಲ, ಗುಡ್ಡದ ಕಲ್ಲಿಲ್ಲ, ಕೋಟೆಯ ಬಾಗಿಲಿಲ್ಲ. ಬರೀ ಗೆರೆ, ಮೂಲೆ, ಎರಡು ಬಣ್ಣ. ಕಂಡದ್ದನ್ನು ಕಂಡ ಹಾಗೆ ಬಿಡಿಸದೆ ಅದರ ಎಲುಬು ಮಾತ್ರ ಉಳಿಸಿಕೊಂಡ ಚಿತ್ರ ಇದು. ಓದಿದವರು ಇದಕ್ಕೆ ಅಮೂರ್ತ ಕಲೆ ಎನ್ನುತ್ತಾರೆ. ಅದನ್ನು ತಿಳಿಯಲು ಸಂಸ್ಕಾರ ಬೇಕು, ತರಬೇತಾದ ಕಣ್ಣು ಬೇಕು ಎಂದೂ ಹೇಳುತ್ತಾರೆ. ನಮ್ಮವ್ವ ಆ ಅಮೂರ್ತವನ್ನು ತಲೆಯ ಮೇಲೆ ಹೊದ್ದು, ಅದರ ಮೇಲೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ಬುಟ್ಟಿ ಹೊತ್ತು ಮೂವತ್ತು ವರ್ಷ ಎರೆಹೊಲದ ದಾರಿ ನಡೆದಿದ್ದಾಳೆ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ, ಯವ್ವಾ, ನಿನ್ನ ಸೆರಗಿನ್ಯಾಗ ಏನೈತಿ ಅಂತ.

ಗೆಳೆಯರೇ, ಈ ಬರಹ ಅಷ್ಟು ಸಣ್ಣ ಪ್ರಶ್ನೆಯದು. ಚಿತ್ರಕ್ಕೆ ಅರ್ಥ ಹೇಳುವ ಹಕ್ಕು ಯಾರದು?

ತೆನಿ ಎಂಬ ಮಾತಿನಿಂದಲೇ ಶುರು ಮಾಡೋಣ. ಕನ್ನಡದಲ್ಲಿ ತೆನೆ ಎಂದರೆ ಜೋಳದ, ಸಜ್ಜೆಯ, ನವಣೆಯ ತೆನೆ. ಅದೇ ಕನ್ನಡದಲ್ಲಿ ಕೋಟೆಯ ಗೋಡೆಯ ತಲೆಯ ಮೇಲೆ ಹಲ್ಲು ಹಲ್ಲಾಗಿ ಕಟ್ಟಿರುತ್ತಾರಲ್ಲ, ಹಿಂದೆ ಮರೆಯಾಗಿ ನಿಂತು ಗುಂಡು ಹಾರಿಸಲಿಕ್ಕೆ, ಅದಕ್ಕೂ ತೆನೆ ಎಂದೇ ಹೆಸರು. ತೋಪು ಎಂಬ ಮಾತೂ ಹಾಗೆಯೇ. ಮಾವಿನ ತೋಪೂ ತೋಪೇ, ಕೋಟೆಯ ಮೇಲಿನ ಫಿರಂಗಿಯೂ ತೋಪೇ. ಎರಡು ಮಾತು ಕೂಡಿಸಿದರೆ ಒಂದೇ ಸೆರಗಿನಲ್ಲಿ ಎರಡು ಲೋಕ ಎದುರುಬದುರು ನಿಲ್ಲುತ್ತವೆ. ಒಂದು ಕಡೆ ಗಿಡ ಮತ್ತು ಜೋಳ, ಇನ್ನೊಂದು ಕಡೆ ಫಿರಂಗಿ ಮತ್ತು ಕೋಟೆ. ಒಂದು ಉಣ್ಣುವ ಲೋಕ, ಒಂದು ಆಳುವ ಲೋಕ. ನೇಯ್ದ ಆಕಾರ ಮಾತ್ರ ಅದೇ.

ಬಾದಾಮಿಯ ಗುಡ್ಡದ ಮೇಲಿನ ಕೋಟೆ ನೋಡಿ ಬಂದವನಿಗೆ ಸೆರಗಿನಲ್ಲಿ ಕೋಟೆಯ ತೆನೆ ಕಂಡರೆ ಅದು ತಪ್ಪಲ್ಲ. ಆದರೆ ನಮ್ಮ ಕೇರಿಯವರಿಗೆ ಅದು ಯಾಕೆ ಜೋಳದ ತೆನೆಯಾಗಿಯೇ ಕಾಣುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ನಮ್ಮಜ್ಜ ಚರ್ಮದ ಕೆಲಸದವನು. ಮಿಣಿ ಹೊಸೆದು, ಬಾರುಕೋಲು ಕಟ್ಟಿ, ಕೆರ ಹೊಲಿದು ಕೊಟ್ಟು ವರ್ಷವಿಡೀ ಊರಿನ ಬೇಸಾಯ ನಡೆಸಿದವನು. ಅದಕ್ಕೆ ಅವನ ಕೈಗೆ ರೊಕ್ಕ ಬರುತ್ತಿರಲಿಲ್ಲ. ಸುಗ್ಗಿಯಲ್ಲಿ ಆಯ ಬರುತ್ತಿತ್ತು. ಹಿಂಗಾರಿ ಜೋಳ ಕಿತ್ತು, ತೆನೆ ಮುರಿದು, ಕಣದಲ್ಲಿ ರಾಶಿಯಾಗುವ ಹೊತ್ತಿಗೆ ಅಜ್ಜ ಹೋಗಿ ದೂರ ನಿಲ್ಲಬೇಕು. ರಾಶಿ ಮುಟ್ಟುವ ಹಾಗಿಲ್ಲ. ಧೋತರದ ಉಡಿ ಒಡ್ಡಿದರೆ ಧಣಿ ಮೇಲಿಂದ ಸುರಿಯುತ್ತಾನೆ. ಎಷ್ಟು ಸುರಿಯಬೇಕೆಂಬುದು ಧಣಿಯ ಮನಸ್ಸು. ಹೊಲ ಖಾಲಿಯಾದ ಮೇಲೆ ನಮ್ಮ ಕೇರಿಯ ಹೆಂಗಸರು, ಮಕ್ಕಳು ಹಕ್ಕಲು ಆರಿಸಲು ಹೋಗುತ್ತಿದ್ದರು. ಬಿದ್ದ ತೆನೆ, ಮುರಿದ ತೆನೆ, ಇಲಿ ತಿಂದು ಬಿಟ್ಟ ಅರ್ಧ ತೆನೆ. ಅವ್ವ ಸಣ್ಣವಳಿದ್ದಾಗ ಹಾಗೆ ಆರಿಸಿದವಳು. ಬಿರುಕು ಬಿಟ್ಟ ಕರಿಮಣ್ಣಿನಲ್ಲಿ ಒಂದು ತೆನೆ ಎಷ್ಟು ದೂರದಿಂದ ಕಾಣುತ್ತದೆ ಎಂಬುದು ಅವಳ ಕಣ್ಣಿಗೆ ಗೊತ್ತು. ತರಬೇತಾದ ಕಣ್ಣು ಎನ್ನುತ್ತಾರಲ್ಲ, ಅದು ಇದೇ. ಹಸಿವು ಕೊಟ್ಟ ತರಬೇತಿ.

ಈ ವಿಚಾರವೆಲ್ಲ ನನ್ನ ತಲೆಯಲ್ಲಿ ಎದ್ದದ್ದು ಜಪಾನಿನ ಒಂದು ಚಿತ್ರದಿಂದ. ಬಾಗಲಕೋಟೆಯ ನವನಗರದಲ್ಲಿ, ಆಲಮಟ್ಟಿಯ ಹಿನ್ನೀರು ಹಳೆಯ ಊರನ್ನು ನುಂಗಿದ್ದಕ್ಕೆ ಕಟ್ಟಿದ ಊರಿನಲ್ಲಿ, ನಾವು ನಾಲ್ಕೈದು ಜನ ಗೆಳೆಯರು ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಕೂಡುತ್ತೇವೆ. ಒಬ್ಬ ಗೆಳೆಯ ಒಂದು ಹಳೆಯ ಪುಸ್ತಕ ತಂದಿದ್ದ. ಅದರಲ್ಲಿ ಹೊಕುಸಾಯಿಯ ಒಂದು ಮುದ್ರಣಚಿತ್ರ. ಲೋಕವೆಲ್ಲ ಅದನ್ನು ಕೆಂಪು ಫ್ಯೂಜಿ ಎಂದು ಕರೆಯುತ್ತದೆ. 1830ರ ಆಸುಪಾಸಿನದು, ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು ಎಂಬ ಮಾಲೆಯದು. ಹೆಸರಿಗೆ ಮೂವತ್ತಾರು, ಆಮೇಲೆ ಹತ್ತು ಸೇರಿ ಒಟ್ಟು 46 ಚಿತ್ರ. 1760ರಲ್ಲಿ ಹುಟ್ಟಿದ ಹೊಕುಸಾಯಿಗೆ ಆಗ ಎಪ್ಪತ್ತು ಮುಟ್ಟಿದ ವಯಸ್ಸು.

ಚಿತ್ರದಲ್ಲಿ ಇರುವುದು ಇಷ್ಟೇ. ಒಂದು ಕೆಂಪು ಗುಡ್ಡ, ಬಲಗಡೆಗೆ ಸರಿದು ನಿಂತದ್ದು. ತುದಿಯಲ್ಲಿ ಹಿಮದ ನಾಲ್ಕಾರು ಬಿಳಿ ಗೀರು. ಬುಡದಲ್ಲಿ ಹಸಿರು ಚುಕ್ಕೆಗಳ ಕಾಡು. ಹಿಂದೆ ನೀಲಿ ಆಕಾಶ, ಅದರ ತುಂಬ ಬಿಳಿ ಮೋಡದ ಪಟ್ಟಿಗಳು. ಮನೆಯಿಲ್ಲ, ದಾರಿಯಿಲ್ಲ, ಮನುಷ್ಯನಿಲ್ಲ. ನೋಡುತ್ತ ನೋಡುತ್ತ ಗುಡ್ಡವೂ ಗುಡ್ಡವಾಗಿ ಉಳಿಯದೆ ಒಂದು ಕೆಂಪು ಮೂಲೆಯಾಗಿಬಿಡುತ್ತದೆ.

ಸಂಘಟನೆಯಲ್ಲಿ ನನಗಿಂತ ಹಿರಿಯನಾದ ಒಬ್ಬ ಗೆಳೆಯನಿಗೆ ಸಿಟ್ಟು ಬಂತು. “ಇದರಾಗ ಮನಶ್ಯಾನ ಇಲ್ಲ. ಗುಡ್ಡ, ಮೋಡ, ಹೂವು, ಚಂದ್ರ, ಇವನ್ನ ನೋಡಿಕೋತ ಕುಂತವರು ಹೊಟ್ಟಿ ತುಂಬಿದವರು. ನಮಗ ಇದು ಯಾಕ ಬೇಕು?” ಎಂದ. ಚಿತ್ರಕಲೆ ಓದಿದ ಇನ್ನೊಬ್ಬ ಗೆಳೆಯ ಅಷ್ಟೇ ಬಿರುಸಿನಿಂದ, “ಅರ್ಥ ಕೇಳಬ್ಯಾಡ್ರಿ ಮಾರಾಯ್ರ. ಬಣ್ಣ ನೋಡ್ರಿ, ಗೆರಿ ನೋಡ್ರಿ, ಖಾಲಿ ಜಾಗ ನೋಡ್ರಿ. ಅಲ್ಲಿ ಬ್ಯಾರೆ ಏನೂ ಇಲ್ಲ” ಎಂದ. ರಾತ್ರಿ ಹತ್ತರವರೆಗೂ ಜಗಳ ನಡೆಯಿತು.

ನನಗೆ ಅನ್ನಿಸಿದ್ದು, ಇಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ ಎಂದು. ಚಿತ್ರದಲ್ಲಿ ಮನುಷ್ಯನಿಲ್ಲ ಎಂದು ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಒಬ್ಬನಿಗೆ ಅದರಿಂದ ಸಿಟ್ಟು, ಇನ್ನೊಬ್ಬನಿಗೆ ಅದರಿಂದ ಸುಖ. ಆದರೆ ಮನುಷ್ಯನಿಲ್ಲದ ಚಿತ್ರ ಎಲ್ಲಿದೆ? ಚೌಕಟ್ಟಿನೊಳಗೆ ಬಿಡಿಸದಿದ್ದರೆ ಮನುಷ್ಯ ಇಲ್ಲದ ಹಾಗಾಯಿತೇ? ನಮ್ಮನ್ನು ಊರಿನ ನಕ್ಷೆಯಲ್ಲಿ ಬಿಡಿಸಿರಲಿಲ್ಲ. ಹಾಗಂತ ಊರು ನಮ್ಮಿಂದ ನಡೆಯಲಿಲ್ಲವೇ?

ಆ ಚಿತ್ರ ಹೇಗಾಯಿತು ಎಂಬುದನ್ನು ಓದಿ ತಿಳಿದುಕೊಂಡೆ. ಹೊಕುಸಾಯಿ ತೆಳುವಾದ ಕಾಗದದ ಮೇಲೆ ಗೆರೆ ಬರೆದು ಕೊಡುತ್ತಾನೆ. ಆ ಕಾಗದವನ್ನು ಚೆರಿ ಮರದ ಹಲಗೆಯ ಮೇಲೆ ಮುಖ ಕೆಳಗೆ ಮಾಡಿ ಅಂಟಿಸಿ, ಗೆರೆ ಉಳಿಯುವ ಹಾಗೆ ಸುತ್ತಲ ಮರವನ್ನು ಕೆತ್ತುವವನು ಬೇರೊಬ್ಬ. ಕೆತ್ತುವಾಗ ಕಲಾವಿದ ಬರೆದ ಮೂಲಕಾಗದ ಹರಿದು ಹೋಗುತ್ತದೆ. ಬಣ್ಣ ಬಣ್ಣಕ್ಕೆ ಬೇರೆ ಹಲಗೆ. ಒಂದು ಕೂದಲೆಳೆಯಷ್ಟೂ ಸರಿಯದ ಹಾಗೆ ಹಲಗೆಯಿಂದ ಹಲಗೆಗೆ ಕಾಗದವನ್ನು ಕೂಡಿಸಿ, ಬಿದಿರಿನ ಹಾಳೆ ಸುತ್ತಿದ ದುಂಡನೆಯ ಬಿಲ್ಲೆಯಿಂದ ಉಜ್ಜಿ ಉಜ್ಜಿ ಮುದ್ರೆ ಒತ್ತುವವನು ಮತ್ತೊಬ್ಬ. ಚೆನ್ನಾಗಿ ಒತ್ತಿದ ಪ್ರತಿಗಳಲ್ಲಿ ಮರದ ಎಳೆಗಳೂ ಬಣ್ಣದಲ್ಲಿ ಮೂಡಿ ನಿಲ್ಲುತ್ತವೆ. ಇವರೆಲ್ಲರ ಮೇಲೆ ದುಡ್ಡು ಹೂಡಿದ ಪ್ರಕಾಶಕ. ಚಿತ್ರದ ಮೇಲೆ ಹೊಕುಸಾಯಿಯ ಹೆಸರಿದೆ. ಕೆತ್ತಿದವನ ಹೆಸರಿಲ್ಲ, ಒತ್ತಿದವನ ಹೆಸರಿಲ್ಲ. ಹುಡುಗನಿದ್ದಾಗ ಹೊಕುಸಾಯಿಯೇ ಹಲಗೆ ಕೆತ್ತುವ ಕೆಲಸ ಕಲಿತವನು ಎಂಬುದನ್ನು ಓದಿದಾಗ ಅವನ ಮೇಲೆ ನನಗೆ ಪ್ರೀತಿ ಹೆಚ್ಚಾಯಿತು.

ಇನ್ನೂ ಕೆಳಗೆ ಇಳಿಯಬೇಕು. ಆ ಕಾಗದ ಹಿಪ್ಪುನೇರಳೆಯ ಬಳಗದ ಒಂದು ಗಿಡದ ತೊಗಟೆಯದು. ಬಣ್ಣ ಹೀರಿ ಹರಡಬಾರದೆಂದು ಅದಕ್ಕೆ ಮೊದಲು ಪಟಿಕ ಮತ್ತು ಅಂಟು ಕೂಡಿಸಿ ಲೇಪ ಕೊಡುತ್ತಾರೆ. ಆ ಅಂಟು ದನದ ಚರ್ಮ, ಎಲುಬು ಕುದಿಸಿ ತೆಗೆದದ್ದು. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಂತೆ. ಯಾಕೆಂದರೆ ಸತ್ತ ದನ ಸುಲಿಯುವ, ಚರ್ಮ ಹದ ಮಾಡುವ ಕೆಲಸವನ್ನು ಆ ದೇಶದಲ್ಲಿಯೂ ಒಂದು ಜನದ ಹಣೆಗೆ ಕಟ್ಟಿದ್ದರು. ಅವರಿಗೂ ಬೇರೆ ಕೇರಿ. ಅವರನ್ನು ಕರೆಯುತ್ತಿದ್ದ ಹೆಸರಿಗೆ ಹೊಲಸು ಎಂದು ಅರ್ಥ. 1871ರಲ್ಲಿ ಸರಕಾರ ಕಾಗದದ ಮೇಲೆ ಆ ಭೇದ ತೆಗೆದುಹಾಕಿತು. ಮದುವೆಯಲ್ಲಿ, ನೌಕರಿಯಲ್ಲಿ, ಬಾಯಿಮಾತಿನಲ್ಲಿ ಅದು ಉಳಿಯಿತು. 1922ರ ಮಾರ್ಚ್ 3ರಂದು ಕ್ಯೋಟೋ ನಗರದಲ್ಲಿ ಆ ಜನ ಸೇರಿ ಸುಯ್‌ಹೇಶ ಎಂಬ ಸಂಘಟನೆ ಕಟ್ಟಿದರು. ಏರುತಗ್ಗನ್ನು ಸಮ ಮಾಡುವವರ ಸಂಘ ಎಂಬುದು ಅದರ ಭಾವ. ಕಪ್ಪು ಬಾವುಟದ ಮೇಲೆ ಕೆಂಪು ಮುಳ್ಳಿನ ಕಿರೀಟ ಅವರ ಗುರುತು. ಅದಾಗಿ ಐದು ವರ್ಷಕ್ಕೆ, 1927ರ ಮಾರ್ಚ್‌ನಲ್ಲಿಯೇ, ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು.

ಈಗ ಹೇಳಿರಿ, ಆ ಕೆಂಪು ಗುಡ್ಡದ ಚಿತ್ರದಲ್ಲಿ ಮನುಷ್ಯನಿಲ್ಲವೇ? ಅಂಟು ಬರುವುದು ಚರ್ಮದಿಂದ, ಚರ್ಮ ಬರುವುದು ಆ ಕೇರಿಯಿಂದ. ನಮ್ಮಜ್ಜನ ಜಾತಿಯವನೊಬ್ಬ ಕೆಂಪು ಬಣ್ಣದ ಅಡಿಯಲ್ಲಿ ಕುಂತಿದ್ದಾನೆ. ಬಣ್ಣ ಹರಡದ ಹಾಗೆ ಹಿಡಿದವನು ಅವನೇ.

ಚರ್ಮದ ಮಾತು ಬಂದಾಗ ರಂಪದ ಮಾತನ್ನೂ ಹೇಳಿಬಿಡಬೇಕು. ಸೆರಗಿನ ರಂಪಕ್ಕೆ ಗುಡ್ಡದ ಸಾಲು ಎಂದು ಅರ್ಥ ಬರೆದಿದ್ದಾರೆ ಎಂದೆನಲ್ಲ. ನಮ್ಮ ಮನೆಯಲ್ಲಿ ಆ ಮಾತು ಕೇಳಿದರೆ ನೆನಪಾಗುವುದು ಬೇರೆ. ಚರ್ಮ ಕೊಯ್ಯುವ ಅಗಲ ಅಲಗಿನ ಉಳಿಗೆ ರಂಪಿಗಿ ಎನ್ನುತ್ತಾರೆ. ಅಜ್ಜನ ರಂಪಿಗಿ ಇವತ್ತಿಗೂ ನಮ್ಮ ಮನೆಯ ಜಂತಿಯಲ್ಲಿ ಸಿಗಿಸಿ ಇದೆ. ಅದರ ಅಂಚು ಗುಡ್ಡದ ಹಾಗೆ ಬಾಗಿದೆ. ರಂಪದಿಂದ ರಂಪಿಗಿಯೋ, ರಂಪಿಗಿಯಿಂದ ರಂಪವೋ, ಎರಡಕ್ಕೂ ಸಂಬಂಧವೇ ಇಲ್ಲವೋ, ಪಂಡಿತರು ಜಗಳಾಡಲಿ. ನಾನು ಹೇಳುವುದು ನಿಘಂಟಿನ ಮಾತಲ್ಲ, ಕಣ್ಣಿನ ಮಾತು. ಗುಡ್ಡ ಏರಿ ಗಾಳಿ ತಗೊಂಡವನಿಗೆ ಅಲ್ಲಿ ಗುಡ್ಡ ಕಾಣಲಿ. ರಂಪಿಗಿ ಹಿಡಿದು ಅಂಗೈ ಗಂಟುಗಟ್ಟಿದವನಿಗೆ ರಂಪಿಗಿ ಕಾಣುವುದೂ ಅಷ್ಟೇ ಖರೆ.

ಹಾಗಾದರೆ ನೇಯುವವನಿಗೆ ಏನು ಕಾಣುತ್ತದೆ? ಅದನ್ನು ಕೇಳಲೆಂದೇ ಇಲಕಲ್ಲಿಗೆ ಹೋದೆ. ಪರಿಚಯದ ಒಬ್ಬ ಹಿರಿಯ ನೇಕಾರರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಂತಿದ್ದರು. ಪಕ್ಕದಲ್ಲಿ ಅವರ ಮನೆಯವರು ಕೊಂಡಿ ಹಾಕುತ್ತಿದ್ದರು. ಕೊಂಡಿಯ ಕೆಲಸ ನೋಡದವರಿಗಾಗಿ ಬರೆಯುತ್ತೇನೆ. ಸೀರೆಯ ಮೈಗೆ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಗೆ ಹಾಸು ಬೇರೆ. ಮೈಯ ಎಳೆಯ ಕುಣಿಕೆಯಲ್ಲಿ ಸೆರಗಿನ ಎಳೆಯ ಕುಣಿಕೆ ತೂರಿಸಿ, ಹೀಗೆ ಎಳೆಗೆ ಎಳೆ ಜೋಡಿಸುತ್ತ ಸೀರೆಯ ಇಡೀ ಅಗಲವನ್ನು ಕೂಡಿಸಬೇಕು. ಒಂದು ಸೀರೆಗೆ ಹಾಕಿದ ಕೊಂಡಿ ಆ ಒಂದೇ ಸೀರೆಗೆ. ಮುಂದಿನ ಸೀರೆಗೆ ಮತ್ತೆ ಮೊದಲಿಂದ. ಮಗ್ಗಕ್ಕೆ ಏರುವ ಮುಂಚಿನ ಈ ಕೆಲಸ ಬಹುಪಾಲು ಹೆಂಗಸರದು. ಸೆರಗಿನ ಹೆಸರನ್ನು ಎಲ್ಲರೂ ಹೇಳುತ್ತಾರೆ, ಸೆರಗನ್ನು ಸೀರೆಗೆ ಕೂಡಿಸಿದವಳ ಹೆಸರು ಎಲ್ಲಿಯೂ ಇಲ್ಲ.

“ಕಾಕಾ, ತೆನಿ ಅಂದ್ರ ನಿಮಗ ಜ್ವಾಳದ ತೆನಿನೋ, ಕ್ವಾಟಿ ತೆನಿನೋ?” ಎಂದು ಕೇಳಿದೆ. ಅವರು ಲಾಳಿ ನಿಲ್ಲಿಸಲಿಲ್ಲ. “ಅದು ಉಡಾವ್ರಿಗಿ ತಮ್ಮಾ. ನಮಗ ಅದು ಎಣಿಕಿ. ಎಣಿಕಿ ತಪ್ಪಿತಂದ್ರ ತೆನಿ ಮುರೀತೈತಿ. ಜ್ವಾಳದ್ದು ಅಂತ ಕುಂತ್ರೂ ಮುರೀತೈತಿ, ಕ್ವಾಟಿದು ಅಂತ ಕುಂತ್ರೂ ಮುರೀತೈತಿ” ಎಂದರು. ಆ ಮನೆಯವರು ತಲೆ ಎತ್ತದೆ ನಕ್ಕರು. “ನನಗ ಕುತ್ತಿಗಿ ನೋವು ಅಂತ ಬರಕೋರಿ” ಎಂದರು.

ನಾನು ಅದನ್ನೂ ಬರೆದುಕೊಂಡೆ. ಅದೂ ಒಂದು ಅರ್ಥವೇ. ಜೋಳ, ಕೋಟೆ, ಎಣಿಕೆ, ಕುತ್ತಿಗೆ ನೋವು. ವಿದ್ಯುತ್ ಮಗ್ಗದ ಅಗ್ಗದ ಸೀರೆಗಳು ಪೇಟೆ ತುಂಬಿವೆ, ಅವುಗಳ ಮೇಲೂ ಇಲಕಲ್ಲಿನ ಆಕಾರಗಳಿವೆ. ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡಲು 1985ರಲ್ಲಿ ಕೇಂದ್ರ ಸರಕಾರ ಕಾಯ್ದೆ ಮಾಡಿತು, ಆ ಪಟ್ಟಿಯಲ್ಲಿ ಸೀರೆಯೂ ಇದೆ. ಕಾಯ್ದೆ ಕಪಾಟಿನಲ್ಲಿದೆ, ಆಕಾರ ಪೇಟೆಯಲ್ಲಿದೆ. ಆಕಾರವನ್ನು ನಕಲು ಮಾಡಬಹುದು. ಕುತ್ತಿಗೆ ನೋವನ್ನು ಯಾರೂ ನಕಲು ಮಾಡುವುದಿಲ್ಲ, ಅದಕ್ಕೆ ಬೆಲೆಯನ್ನೂ ಕಟ್ಟುವುದಿಲ್ಲ.

ಆದರೆ ಶ್ರಮದ ಮಾತು ಹೇಳಿ ಜಾತಿಯ ಮಾತು ಬಿಟ್ಟರೆ ಅರ್ಧ ಹೇಳಿದ ಹಾಗೆ. ನಮ್ಮಮ್ಮ, ಅವ್ವನ ಅವ್ವ, ತನ್ನ ಮಗಳ ಮದುವೆಗೆ ಸೀರೆ ಕೊಳ್ಳಲು ಹೋದಾಗ ಒಂದು ಅಂಗಡಿಯ ಕಟ್ಟೆಯ ಕೆಳಗೆ ನಿಲ್ಲಬೇಕಾಯಿತು. ಸೀರೆ ಬಿಚ್ಚಿ ತೋರಿಸಲಿಲ್ಲ. ಮಡಿಕೆಯನ್ನು ಮೇಲಿಂದ ಒಗೆದರು. ಮುಟ್ಟಿದ ಮೇಲೆ ತಗೊಳ್ಳಲೇಬೇಕು. ಕಣದಲ್ಲಿ ಜೋಳ ಮೇಲಿಂದ ಬಿತ್ತು, ಅಂಗಡಿಯಲ್ಲಿ ಸೀರೆ ಮೇಲಿಂದ ಬಿತ್ತು. ಎರಡು ಸಲವೂ ತೆನಿಯೇ. ಮನೆಗೆ ಬಂದು ಬಿಚ್ಚಿದಾಗಲೇ ಸೆರಗಿನಲ್ಲಿ ಏನಿದೆ ಎಂದು ನೋಡಿದ್ದು. ನೋಡಿ ಆಕೆ ಅತ್ತಳಂತೆ. ಅವಮಾನಕ್ಕಲ್ಲ. “ಭಾಳ ಚೆಂದ ಇತ್ತು, ಅದಕ್ಕ” ಎಂದು ಅವ್ವನ ಮುಂದೆ ಹೇಳಿದ್ದಳಂತೆ. ಆ ಸೀರೆ ಈಗ ನಮ್ಮ ಮನೆಯ ಕೌದಿಯೊಳಗಿದೆ. ಕೆಂಪು ತುಂಡುಗಳು ನಡುವೆ ಬರುವ ಹಾಗೆ ಅಮ್ಮನೇ ಹೊಲಿದದ್ದು.

ಈ ಮಾತು ನಮ್ಮ ಚಳವಳಿಯ ಗೆಳೆಯರು ಕೇಳಿಸಿಕೊಳ್ಳಬೇಕು. ನಮ್ಮವರಿಗೆ ಬರೀ ಹಸಿವು ಮಾತ್ರ ಗೊತ್ತು, ಚೆಂದ ಗೊತ್ತಿಲ್ಲ ಎಂದು ಮೇಲಿನವರು ಹೇಳಿದರು. ನಾವೂ ಸಿಟ್ಟಿನಲ್ಲಿ ಅದನ್ನೇ ಒಪ್ಪಿಕೊಂಡು, ಚೆಂದವನ್ನು ಅವರಿಗೇ ಬಿಟ್ಟುಕೊಟ್ಟು, ನೋವನ್ನು ಮಾತ್ರ ನಮ್ಮ ಪಾಲಿಗೆ ಬರೆಸಿಕೊಂಡರೆ ಅದು ಎಂಥ ಬಂಡಾಯ? ಕೆರೆಯ ನೀರಿನ ಮೇಲೆ ನಮಗೆ ಹಕ್ಕಿದೆ ಎಂದ ಮೇಲೆ ಕೆರೆಯಲ್ಲಿ ಬಿದ್ದ ಚಂದ್ರನ ಮೇಲೂ ಇದೆ.

ಆ ಜಪಾನಿ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದು ಅವ್ವನಿಗೆ ತೋರಿಸಿದ್ದೆ. ಏನೂ ಹೇಳಿರಲಿಲ್ಲ. ಅವಳು ಮೊಬೈಲನ್ನು ದೂರ ಹಿಡಿದು ನೋಡಿದಳು. “ನಸಿಕಿನ್ಯಾಗಿನ ಗುಡ್ಡ ಇದು. ತುದೀಗಿ ಬಿಸಲು ಬಡದೈತಿ, ಬುಡಕ್ಕಿನ್ನಾ ಇಳದಿಲ್ಲ. ಅದಕ್ಕ ಬುಡದಾಗ ಹಸರ ಕತ್ತಲಿ ಐತಿ ನೋಡು. ನಾವು ಕೂಲಿಗಿ ಹೋಗು ಹೊತ್ತು” ಎಂದಳು. ಆಮೇಲೆ ತನ್ನಷ್ಟಕ್ಕೆ, “ಚೆಂದ ಐತಿ” ಎಂದಳು.

ಬೇಸಿಗೆ ಮುಗಿಯುವ ಕಾಲಕ್ಕೆ ನಸುಕಿನ ಬಿಸಿಲು ತಾಗಿ ಫ್ಯೂಜಿ ಹೀಗೆ ಕೆಂಪಾಗುತ್ತದೆ, ಆ ಹೊತ್ತಿನ ಚಿತ್ರ ಇದು ಎಂದೇ ಬಲ್ಲವರು ಬರೆದಿದ್ದಾರೆ. ಅವರು ಪುಸ್ತಕದಿಂದ ತಿಳಿದದ್ದನ್ನು ಅವ್ವ ಮೂವತ್ತು ವರ್ಷದ ನಸುಕಿನಿಂದ ತಿಳಿದಳು. ಅವಳಿಗೆ ಫ್ಯೂಜಿಯ ಹೆಸರ ಗೊತ್ತಿಲ್ಲ. ಗುಡ್ಡ ಗೊತ್ತು, ಬಿಸಿಲು ಗೊತ್ತು, ಹೊತ್ತು ಗೊತ್ತು.

ಹಾಗಂತ ಯಾರು ಏನು ಹೇಳಿದರೂ ಅರ್ಥವೇ ಎಂದು ನಾನು ಹೇಳುತ್ತಿಲ್ಲ. ಅವ್ವನ ಮಾತು ನಿಲ್ಲುವುದು ಅವಳು ನನ್ನ ಅವ್ವ ಎಂಬುದಕ್ಕಲ್ಲ. ಅವಳು ಚಿತ್ರದಲ್ಲಿದ್ದುದನ್ನೇ ನೋಡಿದಳು. ತುದಿಯ ಬಣ್ಣಕ್ಕೂ ಬುಡದ ಬಣ್ಣಕ್ಕೂ ಇರುವ ವ್ಯತ್ಯಾಸಕ್ಕೆ ಕಾರಣ ಕೊಟ್ಟಳು. ನೇಕಾರ ಕಾಕಾ ಹೇಳಿದ್ದೂ ಅದನ್ನೇ. ಎಣಿಕೆ ತಪ್ಪಬಾರದು. ಅರ್ಥ ಹೇಳುವವನು ಎಳೆ ಎಣಿಸಬೇಕು, ಆಮೇಲೆ ತನ್ನ ಬಾಳನ್ನು ಅದಕ್ಕೆ ಕೊಂಡಿ ಹಾಕಬೇಕು. ಎರಡರಲ್ಲಿ ಒಂದನ್ನು ಬಿಟ್ಟರೆ ಸೆರಗು ನಿಲ್ಲುವುದಿಲ್ಲ.

ಬಾದಾಮಿಯ ಬಳಿಯ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನು ಎಂಟನೆಯ ಶತಮಾನದ ಶಾಸನ ಉಳಿಸಿಕೊಂಡಿದೆ. ಅದು ದೊಡ್ಡ ಮಾತು. ಕಲ್ಲು ಎಳೆದವರ, ಎಳೆಯಲು ಮಿಣಿ ಹೊಸೆದವರ ಹೆಸರು ಅಲ್ಲಿಲ್ಲ. ಅವರ ಹೆಸರನ್ನು ಇನ್ನು ಹುಡುಕಿ ತರಲಾಗದು. ಆದರೆ ಇವತ್ತು ಬದುಕಿರುವವರ ಮಾತನ್ನು ಬರೆದಿಡಬಹುದು.

ಈ ಪತ್ರಿಕೆ ಓದುವ ಹಳ್ಳಿಯ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನದೊಂದು ಕೋರಿಕೆ. ಚಿತ್ರಕಲೆಯ ಅವಧಿಯಲ್ಲಿ ಮಕ್ಕಳಿಗೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ ಬಿಡಿಸಲು ಹೇಳುವ ಬದಲು ಒಂದು ದಿನ ಮನೆಯ ಹಳೆಯ ಸೆರಗು, ಗುಳೇದಗುಡ್ಡದ ಖಣ, ಕೌದಿಯ ತುಂಡು ತರಲು ಹೇಳಿರಿ. ಆ ಗೆರೆಗಳನ್ನು ಎಣಿಸಿ ಬಿಡಿಸಲಿ. ಅದಕ್ಕೆ ಏನಂತಾರೆ ಎಂದು ಅವ್ವಂದಿರನ್ನು, ಅಮ್ಮಂದಿರನ್ನು ಕೇಳಿಕೊಂಡು ಬರಲಿ. ಊರಿನ ಮಗು ತಂದ ಹೆಸರು ಒಂದಿದ್ದರೆ, ಕೇರಿಯ ಮಗು ತಂದ ಹೆಸರು ಬೇರೆ ಇರಬಹುದು. ಎರಡನ್ನೂ ಒಂದೇ ಹಲಗೆಯ ಮೇಲೆ, ಅಕ್ಕಪಕ್ಕ, ಒಂದೇ ಅಳತೆಯ ಅಕ್ಷರದಲ್ಲಿ ಬರೆಯಿರಿ. ಬರೆದದ್ದನ್ನು ನಮಗೂ ಕಳಿಸಿರಿ. ಹೇಳಿದವರು ಒಪ್ಪಿದರೆ ಅವರ ಹೆಸರನ್ನೂ ಮರೆಯದೆ ಬರೆಯಿರಿ.